ಹಸ್ತದ ಮಳೆಯಿಂದ ಕಾರ್ತಿಕದವರೆಗೆ

(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ತೋಟದ ಗುಂಪಿನ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ನಮ್ಮ ಸಂಘದ ಷೇರು ಬಂಡವಾಳ ಎಷ್ಟು, ಸಾಲ ವಸೂಲಾತಿ ಎಷ್ಟು, ಗೊಬ್ಬರದ ವಹಿವಾಟು ಎಷ್ಟು ಎಂಬುದನ್ನೆಲ್ಲ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ವಿವರವಾಗಿ ಓದಿದ್ದಾರೆ. ಆ ವರದಿಯಲ್ಲಿ ಇಲ್ಲದ ಒಂದು ಬಾಬ್ತು ನಮ್ಮ ಪಾಲಿಗೆ ಬಂದಿದೆ. ಅದೇ ತೋಟದ ಗುಂಪು. ಬೈಲಾದಲ್ಲಿ ಇದರ ಹೆಸರಿಲ್ಲ. ಒಂದು ಉದ್ದನೆಯ ನೋಟ್ ಬುಕ್ಕು, ಗೋದಾಮಿನ ಮೂಲೆಯಲ್ಲಿರುವ ಗುದ್ದಲಿ, ಸನಿಕೆ, ಬಾಂಡ್ಲಿಗಳು, ಒಂದು ಕಾಫಿ ಪಾತ್ರೆ, ಇಷ್ಟೇ ಇದರ ಆಸ್ತಿ. ಸಂಬಳವಿಲ್ಲ, ಭತ್ಯೆ ಇಲ್ಲ. "ಸಂಘ ಅಂದ್ರೆ ಸಾಲ ಕೊಡಬೇಕು, ಗೊಬ್ಬರ ತರಿಸಬೇಕು. ಗುದ್ದಲಿ ಹಿಡ್ಕೊಂಡು ಇನ್ನೊಬ್ಬರ ತೋಟಕ್ಕೆ ಹೋಗೋದು ಯಾವ ಕಾನೂನಲ್ಲಿದೆ ಸ್ವಾಮಿ?" ಎಂದು ಮಹಾಸಭೆಯಲ್ಲೇ ಎದ್ದು ಕೇಳಿದವರಿದ್ದಾರೆ. ಕೇಳಿದ್ದು ಸರಿಯಾಗೇ ಇದೆ. ಅದಕ್ಕೆ ನಮಗೆ ತಿಳಿದಷ್ಟು ಉತ್ತರ ಹೇಳುವುದೇ ಇವತ್ತಿನ ಮಾತು.

ಸಹಕಾರದ ಕಾನೂನು ನಮ್ಮ ದೇಶಕ್ಕೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ಮೈಸೂರು ಸಂಸ್ಥಾನದಲ್ಲೂ 1905ರಲ್ಲೇ ಕಾನೂನು ಆಯಿತು. ಅವರ ಹೆಸರು ಹೇಳದೆ ಸಹಕಾರ ಸಂಘದ ವೇದಿಕೆ ಇಳಿಯಬಾರದು, ಹೇಳಿದ್ದೇವೆ. ಆದರೆ ಅದಕ್ಕೂ ಎಷ್ಟೋ ತಲೆಮಾರಿನ ಹಿಂದಿನಿಂದ ನಮ್ಮ ಸೀಮೆಯಲ್ಲಿ ಮುಯ್ಯಾಳು ಎನ್ನುವುದೊಂದು ಇತ್ತು. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನನ್ನ ಹೊಲಕ್ಕೆ. ರಿಜಿಸ್ಟ್ರಾರರ ಅಪ್ಪಣೆ ಬೇಕಿರಲಿಲ್ಲ, ಷೇರು ಹಣ ಕಟ್ಟಬೇಕಿರಲಿಲ್ಲ. ರಾಗಿ ಕುಯ್ಲಿಗೆ, ಕಣಕ್ಕೆ ಇದ್ದ ಆ ಪದ್ಧತಿಯನ್ನು ನಾವು ತೆಂಗಿನ ತೋಟಕ್ಕೆ ತಂದುಕೊಂಡಿದ್ದೇವೆ, ಅಷ್ಟೆ. ಹೊಸದೇನೂ ಅಲ್ಲ.

ಅದಿರಲಿ, ಈ ಕೆಲಸವೆಲ್ಲ ಯಾಕೆ ಭಾದ್ರಪದ, ಆಶ್ವಯುಜ, ಕಾರ್ತಿಕ ಎಂದು ಈ ಮೂರು ತಿಂಗಳಿಗೇ ಬಂದು ಕೂರುತ್ತದೆ? ನಮ್ಮ ಮಳೆ ಹಾಗಿದೆ. ಮಲೆನಾಡಿನವರಿಗೆ ಆರಿದ್ರೆ, ಪುನರ್ವಸು ಮಳೆಯಲ್ಲಿ ಕೆರೆ ತುಂಬಿದರೆ ನಮಗೆ ಆಗಿನ್ನೂ ಗಾಳಿ, ಧೂಳು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನೆಲ ನೆನೆಯೋ ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ. ಉತ್ತರೆ, ಹಸ್ತ, ಚಿತ್ತೆ. ಸ್ವಾತಿಯಲ್ಲಿ ಒಂದೆರಡು ಹದ ಬಂದರೆ ಪುಣ್ಯ. ವಿಶಾಖೆ ಹೊತ್ತಿಗೆ ಬಾಗಿಲು ಹಾಕಿದ ಹಾಗೆ. ಅಲ್ಲಿಂದ ಮುಂದಿನ ಭರಣಿ, ಕೃತ್ತಿಕೆ ಮಳೆವರೆಗೂ ಆರು ತಿಂಗಳು ಮರ ಬದುಕಬೇಕಾದ್ದು ಈ ನಲವತ್ತು ಐವತ್ತು ದಿನಗಳಲ್ಲಿ ನೆಲದೊಳಕ್ಕೆ ಇಳಿದ ನೀರಿನಿಂದ, ಇಲ್ಲವೇ ಬೋರ್‌ವೆಲ್ಲಿನಿಂದ. ಬೋರ್‌ವೆಲ್ಲಿನ ಕತೆ ನಿಮಗೆ ನಾವು ಹೇಳಬೇಕಾಗಿಲ್ಲ. 2016ರ ಬರದಲ್ಲಿ ಸುಳಿ ಕಳಚಿಕೊಂಡು ಕಂಬದ ಹಾಗೆ ನಿಂತ ಮರಗಳನ್ನು ನಾವೆಲ್ಲ ನೋಡಿದ್ದೇವೆ. ನಲವತ್ತು ವರ್ಷ ಸಾಕಿದ ಮರವನ್ನು ಕಡಿದು ಸೌದೆ ಮಾಡುವಾಗ ಮನೆ ಹೆಂಗಸರು ತೋಟದ ಕಡೆ ಬರಲಿಲ್ಲ.

ನಮ್ಮ ಬೋರನಕಣಿವೆಯನ್ನೇ ನೋಡಿ. ಮೈಸೂರು ಅರಸರ ಕಾಲದಲ್ಲಿ ಎರಡು ಗುಡ್ಡದ ಸಂದಿನಲ್ಲಿ ಸುವರ್ಣಮುಖಿ ಹೊಳೆಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿದರು. ನೀರು ಬಂದ ವರ್ಷ ಊರಿಗೆಲ್ಲ ಹಬ್ಬ, ಬಾರದ ವರ್ಷ ತಳದಲ್ಲಿ ದನ ಮೇಯುತ್ತವೆ. ಹೇಮಾವತಿ ನೀರು ಬೇಕು, ಭದ್ರಾ ಮೇಲ್ದಂಡೆ ನೀರು ಬೇಕು ಎಂದು ಅರ್ಜಿ ಹಿಡಿದು ಓಡಾಡಿದವರಲ್ಲಿ ನಮ್ಮ ಗುಂಪಿನವರೂ ಇದ್ದಾರೆ. ಅದು ಬೇಕೇ ಬೇಕು, ಕೇಳುವುದನ್ನು ಬಿಡುವುದಿಲ್ಲ. ಆದರೆ ನಮ್ಮ ತಲೆ ಮೇಲೇ ಬಿದ್ದು ಓಣಿ ಹಿಡಿದು ಹೋಗುವ ನೀರಿನ ಲೆಕ್ಕವನ್ನು ಯಾರು ಕೇಳಬೇಕು?

ಒಂದು ಸಣ್ಣ ಲೆಕ್ಕ ಹಾಕೋಣ. ತೆಂಗಿನ ಬುಡದಿಂದ ಆರಡಿ ಸುತ್ತ ಪಾತಿ ಮಾಡಿದರೆ ಪಾತಿಯ ವಿಸ್ತಾರ ಸುಮಾರು 10 ಚದರ ಮೀಟರು. ಒಂದು ಅಂಗುಲ, ಅಂದರೆ 25 ಮಿಲಿಮೀಟರು ಮಳೆ ಬಂದರೆ ಆ ಪಾತಿಯೊಳಕ್ಕೆ ಬೀಳುವ ನೀರು 250 ಲೀಟರು. ಬೇಸಿಗೆಯಲ್ಲಿ ಪಾತಿಗೆ ನೀರು ಕಟ್ಟುವವರು ದೊಡ್ಡ ಮರಕ್ಕೆ ನಾಲ್ಕು ದಿನಕ್ಕೊಮ್ಮೆ 200 ಲೀಟರು ಕೊಡಿ ಎಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುತ್ತಾರೆ. ಅಂದಮೇಲೆ ಒಂದು ಅಂಗುಲದ ಮಳೆಯೆಂದರೆ ಕರೆಂಟಿಲ್ಲದೆ, ಮೋಟಾರಿಲ್ಲದೆ ಬಂದ ಒಂದು ಸರದಿಯ ನೀರು. ಇನ್ನೂ ಮುಂದಕ್ಕೆ ಹೋಗಿ. ಮೂವತ್ತಡಿಗೊಂದು ಮರ ಇಟ್ಟರೆ ಎಕರೆಗೆ 48 ಮರ. ಒಂದೊಂದು ಮರದ ಪಾಲಿನ ನೆಲ 80 ಚದರ ಮೀಟರಿನ ಮೇಲೆ. ಅದೇ ಒಂದು ಅಂಗುಲ ಮಳೆಗೆ ಆ ನೆಲದ ಮೇಲೆ ಬೀಳೋದು 2,000 ಲೀಟರು! ಪಾತಿಗೆ ಬಿದ್ದದ್ದು ಅದರಲ್ಲಿ ಎಂಟರಲ್ಲೊಂದು ಪಾಲು. ಉಳಿದದ್ದು ನಮ್ಮ ಕೆಂಪು ಗರಸು ನೆಲದ ಮೇಲಿನ ಗೋಡನ್ನೂ ಎತ್ತಿಕೊಂಡು ಹಳ್ಳ ಸೇರುತ್ತದೆ. ಬದುವಿಲ್ಲದ, ಪಾತಿ ಮುಚ್ಚಿಹೋದ ತೋಟದಲ್ಲಿ ಎಂಟರಲ್ಲಿ ಎಂಟು ಪಾಲೂ ಹೋಗುತ್ತದೆ.

ಆದ್ದರಿಂದ ನಮ್ಮ ಗುಂಪಿನ ಮೊದಲ ಕೆಲಸ ಪಾತಿ ಬಿಡಿಸುವುದು. ಉತ್ತರೆ ಮಳೆ ಬಿದ್ದು ನೆಲ ಮೆತ್ತಗಾದ ಕೂಡಲೆ ಹತ್ತು ಹನ್ನೆರಡು ಜನ ಒಂದು ತೋಟಕ್ಕೆ ಇಳಿಯುತ್ತಾರೆ. ಒಂದು ಗೇಣು ಆಳಕ್ಕಿಂತ ಹೆಚ್ಚು ಅಗೆಯುವುದಿಲ್ಲ. ಬೇರಿನ ಹೆಚ್ಚು ಪಾಲು ಬುಡದಿಂದ ಎರಡು ಮೀಟರಿನ ಒಳಗೇ ಇರುವುದರಿಂದ ಟ್ರ್ಯಾಕ್ಟರನ್ನು ಬುಡದ ಹತ್ತಿರ ಬಿಡಕೂಡದು ಎಂಬುದು ನಮ್ಮ ಕಟ್ಟುನಿಟ್ಟು. ಬಿಡಿಸಿದ ಪಾತಿಗೆ ಕೊಟ್ಟಿಗೆ ಗೊಬ್ಬರ 50 ಕಿಲೋ. ಸರ್ಕಾರಿ ಗೊಬ್ಬರ ಹಾಕುವವರಿಗೆ ದೊಡ್ಡ ಮರವೊಂದಕ್ಕೆ ವರ್ಷಕ್ಕೆ ಯೂರಿಯಾ 1 ಕಿಲೋ 100 ಗ್ರಾಂ, ಸೂಪರ್ ಫಾಸ್ಫೇಟ್ 2 ಕಿಲೋ, ಪೊಟ್ಯಾಷ್ 2 ಕಿಲೋ. ಮುಂಗಾರಿಗೆ ಮೂರರಲ್ಲಿ ಒಂದು ಪಾಲು ಹಾಕಿದ್ದರೆ ಈಗ ಉಳಿದೆರಡು ಪಾಲು. ಬದುವಿನ ಮೇಲಿನ ಗ್ಲಿರಿಸೀಡಿಯಾ ಸೊಪ್ಪು ತರಿದು ಅದರ ಮೇಲೆ ಹಾಕಿ ಮಣ್ಣು ಎಳೆದರೆ ಮುಗಿಯಿತು. ಗೊಬ್ಬರದ ವಿಚಾರ ಸಂಘದ ಬೋರ್ಡಿನ ಮೇಲೇ ಬರೆದಿದೆ, ಇಲ್ಲಿ ಬೆಳೆಸುವುದಿಲ್ಲ.

ಬೆಳೆಸಬೇಕಾದ್ದು ಕಾಯಿಮಟ್ಟೆಯ ವಿಚಾರ. ನಾವು ಮಟ್ಟೆಯನ್ನು ಕಸ ಅಂತ ನೋಡಿ ನೋಡಿ ಅಭ್ಯಾಸವಾಗಿಬಿಟ್ಟಿದೆ. ಕಾಯಿ ಸುಲಿದ ಮಾರನೇ ದಿನ ಲಾರಿ ಬರುತ್ತೆ, ತುಂಬಿಕೊಂಡು ನಾರಿನ ಕಾರ್ಖಾನೆಗೆ ಹೋಗುತ್ತೆ, ಒಂದಿಷ್ಟು ಪುಡಿಗಾಸು ಕೈಗೆ ಬರುತ್ತೆ. ಕಾರ್ಖಾನೆಗಳು ಬೇಡವೆಂದು ನಾವು ಹೇಳುವುದಿಲ್ಲ, ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ. ಆದರೆ ಮಟ್ಟೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೊಟ್ಯಾಷ್ ಅಂಶವೂ ಅದರಲ್ಲಿ ಚೆನ್ನಾಗಿದೆ. ಅದನ್ನು ಪುಡಿಗಾಸಿಗೆ ಮಾರಿ, ಚೀಲಕ್ಕಿಷ್ಟು ಅಂತ ಸಾಲ ಮಾಡಿ ಪೊಟ್ಯಾಷ್ ತರುವುದು ಯಾವ ಊರಿನ ವ್ಯಾಪಾರ? ಮನೆಯ ಮಟ್ಟೆಯಲ್ಲಿ ಅರ್ಧವನ್ನಾದರೂ ತೋಟಕ್ಕೆ ಉಳಿಸಿ ಎಂದು ನಾವು ಕೇಳಿಕೊಳ್ಳುತ್ತಿದ್ದೇವೆ.

ಹೂಳುವ ಕ್ರಮ ಹೀಗೆ. ಎರಡು ಸಾಲು ಮರಗಳ ನಡುವೆ ನಾಲ್ಕಡಿ ಅಗಲ, ಎರಡಡಿ ಆಳದ ಟ್ರೆಂಚು ತೆಗೆಯಬೇಕು. ಇಳಿಜಾರಿಗೆ ಅಡ್ಡಲಾಗಿ ತೆಗೆಯಬೇಕು, ಉದ್ದಕ್ಕೆ ತೆಗೆದರೆ ಅದು ಟ್ರೆಂಚಲ್ಲ, ಕಾಲುವೆ. ಅದರೊಳಗೆ ಮಟ್ಟೆಯನ್ನು ಬಟ್ಟಲು ಮೇಲ್ಮುಖವಾಗಿರುವಂತೆ ಸಾಲಾಗಿ ಜೋಡಿಸಿ, ಪದರ ಪದರಕ್ಕೂ ಮಣ್ಣು ಹಾಕಬೇಕು. ಒಮ್ಮೆ ಹೂಳಿದರೆ ಐದಾರು ವರ್ಷ ಅದರ ಉಪಯೋಗ ಉಂಟು. ಟ್ರೆಂಚು ತೆಗೆಯುವ ಶಕ್ತಿ ಇಲ್ಲದವರು ಪಾತಿಯ ಮೇಲೇ ಹಾಸಬಹುದು. ಆಗ ಮಾತ್ರ ಬಟ್ಟಲು ಕೆಳಮುಖ. ಒಳಗೆ ನೀರು ಹಿಡಿಯಬೇಕು, ಮೇಲೆ ಬಿಸಿಲು ತಡೆಯಬೇಕು. ಇಷ್ಟು ನೆನಪಿದ್ದರೆ ಯಾವುದು ಹೇಗೆ ಎಂದು ಗೊಂದಲವಾಗದು. ಮಟ್ಟೆಯೂ ಇಲ್ಲವೆಂದರೆ ಉದುರಿದ ಸೋಗೆಯನ್ನೇ ಎರಡು ಮೂರು ತುಂಡು ಮಾಡಿ ಹೊದಿಸಿ. ಸುಡಬೇಡಿ. ಸಂಜೆ ಹೊತ್ತು ತೋಟ ತೋಟದಲ್ಲೂ ಏಳುವ ಹೊಗೆ ನೋಡಿದರೆ ನಮಗೆ ಹೊಟ್ಟೆ ಉರಿಯುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇದನ್ನೆಲ್ಲ ಅವರವರ ತೋಟದಲ್ಲಿ ಅವರವರೇ ಮಾಡಿಕೊಂಡರಾಗದೆ? ಗಟ್ಟಿ ಆಳು ದಿನಕ್ಕೆ ಎಂಟು ಹತ್ತು ಪಾತಿ ಬಿಡಿಸಿದರೆ ಹೆಚ್ಚು. ಎರಡು ಎಕರೆ ತೋಟದವನಿಗೆ ಹತ್ತು ಹನ್ನೆರಡು ದಿನ ಬೇಕು. ಅಷ್ಟರೊಳಗೆ ನೆಲದ ಹದ ಆರಿರುತ್ತೆ, ಇಲ್ಲವೇ ರಾಗಿಯಲ್ಲಿ ಕಳೆ ಕೂಗುತ್ತಿರುತ್ತೆ. ಕೂಲಿಯವರು ಸಿಕ್ಕರೆ ಎಲ್ಲರಿಗೂ ಒಂದೇ ವಾರ ಬೇಕು. ಮನೆಯಲ್ಲಿ ಇದ್ದ ಹುಡುಗರು ಬೆಂಗಳೂರು, ಪೀಣ್ಯ ಸೇರಿದ್ದಾರೆ. ಹನ್ನೆರಡು ಜನ ಸೇರಿದರೆ ಅದೇ ಎರಡು ಎಕರೆ ಒಂದು ದಿನದ ಕೆಲಸ. ಮಾತಾಡಿಕೊಂಡು, ನಗಾಡಿಕೊಂಡು ಮುಗಿಯುತ್ತದೆ.

ಆದರೆ ಮುಯ್ಯಿಯ ಲೆಕ್ಕ ನಾವೆಣಿಸಿದಷ್ಟು ಸುಲಭವಾಗಿರಲಿಲ್ಲ. ನಮ್ಮ ಗುಂಪಿಗೆ ಒಬ್ಬ ತಾಯಿ ಬಂದರು. ಮನೆಯಲ್ಲಿ ಗಂಡು ದಿಕ್ಕಿಲ್ಲ, ಇಪ್ಪತ್ತು ಚಿಲ್ಲರೆ ಮರ. "ಗುದ್ದಲಿ ಹಿಡಿದು ಪಾತಿ ಅಗೆಯೋಕೆ ನನ್ನ ಕೈಲಾಗಲ್ಲ ಕಣಪ್ಪ. ಮಟ್ಟೆ ಜೋಡಿಸ್ತೀನಿ, ಗೊಬ್ಬರ ಹೊರ್ತೀನಿ. ನನ್ನ ಮುಯ್ಯಿ ನಡೀತದಾ?" ಎಂದು ಕೇಳಿದರು. ಗೋದಾಮಿನ ಮುಂದೆ ರಾತ್ರಿ ಹತ್ತರವರೆಗೂ ವಾದ ನಡೆಯಿತು. ಕೂಲಿಯಲ್ಲಿ ಗಂಡಾಳಿಗೊಂದು ದರ ಹೆಣ್ಣಾಳಿಗೊಂದು ದರ ಇರುವಾಗ ಮುಯ್ಯಿಯಲ್ಲಿ ಸಮ ಹೇಗಾದೀತು ಎಂದರು ಕೆಲವರು. ಟ್ರೆಂಚು ತೆಗೆದು ಮಟ್ಟೆ ಎಸೆದು ಹೋದರೆ ಏನು ಫಲ, ಜೋಡಿಸುವ ಕೈಯಲ್ಲೇ ಇದೆ ಕೆಲಸ ಎಂದರು ಇನ್ನು ಕೆಲವರು. ಕಡೆಗೆ ನೋಟ್ ಬುಕ್ಕಿನಲ್ಲಿ ಒಂದೇ ಸಾಲು ಬರೆದೆವು: ದಿನಕ್ಕೆ ದಿನ, ಗಂಡಾಗಲಿ ಹೆಣ್ಣಾಗಲಿ. ಇಬ್ಬರು ಗುಂಪು ಬಿಟ್ಟು ಹೋದರು. ಅವರಲ್ಲಿ ಒಬ್ಬರು ಮುಂದಿನ ವರ್ಷ ಹಸ್ತದ ಮಳೆಗೆ ತಾವಾಗಿಯೇ ಬಂದು ಗುದ್ದಲಿ ತೆಗೆದುಕೊಂಡರು. ಯಾರೂ ಏನೂ ಕೇಳಲಿಲ್ಲ.

ಇನ್ನೊಂದು ತಕರಾರು ಇನ್ನೂ ಬಗೆಹರಿದಿಲ್ಲ. ನಾನೂರು ಮರದವರು ತಮ್ಮ ಬದಲು ಕೂಲಿಯವನನ್ನು ಕಳಿಸಿ ಮುಯ್ಯಿ ತೀರಿಸಬಹುದೆ? ತೀರಿಸಿದರೆ ಆ ಕೂಲಿಯವನ ಸ್ವಂತ ಹತ್ತು ಮರದ ಪಾತಿ ಬಿಡಿಸುವವರು ಯಾರು? ನಮ್ಮಲ್ಲೇ ಎರಡು ಅಭಿಪ್ರಾಯವಿದೆ. ಸಭೆಯಲ್ಲಿರುವ ಹಿರಿಯರು ಇದಕ್ಕೊಂದು ದಾರಿ ಹೇಳಿದರೆ ಉಪಕಾರವಾಗುತ್ತದೆ.

ಕೂಡಿ ಮಾಡದಿದ್ದರೆ ಆಗುವುದೇ ಇಲ್ಲವೆಂಬ ಕೆಲಸವೂ ಒಂದಿದೆ, ಅದು ಹುಳದ ಕೆಲಸ. ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುವುದು ತೆಂಗಿನ ಮೇಲಲ್ಲ, ತಿಪ್ಪೆಯಲ್ಲಿ, ಕೊಳೆತ ಮರದ ಬೊಡ್ಡೆಯಲ್ಲಿ. ಒಬ್ಬರ ತಿಪ್ಪೆಯಲ್ಲಿ ಹುಟ್ಟಿದ ದುಂಬಿ ಊರಿನ ತೋಟಕ್ಕೆಲ್ಲ ಹಾರುತ್ತದೆ. ಅದಕ್ಕೆ ಸರ್ವೆ ನಂಬರ್ ಗೊತ್ತಿಲ್ಲ, ಪಹಣಿ ಗೊತ್ತಿಲ್ಲ. ಈ ಕಾಲದಲ್ಲಿ ಹೇಗಿದ್ದರೂ ಗೊಬ್ಬರ ಪಾತಿಗೆ ಹೊರಬೇಕು, ತಿಪ್ಪೆ ಕೆದಕಬೇಕು. ಕೆದಕುವಾಗ ಬೆಳ್ಳಗೆ, ದಪ್ಪಗೆ, ಬಿಲ್ಲಿನ ಹಾಗೆ ಬಾಗಿದ ಗೊಬ್ಬರದ ಹುಳ ಸಿಗುತ್ತವಲ್ಲ, ಅವನ್ನು ಆರಿಸಿ ಕೊಲ್ಲಬೇಕು. ದಸರಾ ರಜಾದಲ್ಲಿ ಇದನ್ನು ಮಕ್ಕಳ ಕೆಲಸ ಮಾಡಿದ್ದೇವೆ. ಕೇರಿ ಕೇರಿಗೂ ಒಂದು ದಿನ, ಡಬ್ಬಿ ಹಿಡಿದು ಬರುತ್ತಾರೆ, ಯಾರ ತಿಪ್ಪೆಯಲ್ಲಿ ಎಷ್ಟು ಸಿಕ್ಕಿತೆಂದು ಕೂಗಿ ಹೇಳುತ್ತಾರೆ. ಊರ ಮುಂದೆ ತಮ್ಮ ತಿಪ್ಪೆಯ ಲೆಕ್ಕ ಹೊರಬೀಳುತ್ತದೆಂದು ಹಿಂದಿನ ದಿನವೇ ಕೆದಕಿಬಿಡುವ ಮನೆಗಳೂ ಇವೆ. ನಮಗೆ ಬೇಕಾದ್ದೂ ಅದೇ. ಕೋಳಿಗಳಿಗಂತೂ ಅವತ್ತು ಹಬ್ಬ. ಕೆದಕಿದ ಮೇಲೆ ತಿಪ್ಪೆಗೆ ಮೆಟಾರೈಜಿಯಂ ಎಂಬ ಶಿಲೀಂಧ್ರ ಬೆರೆಸಿದರೆ ಉಳಿದ ಹುಳವೂ ಸಾಯುತ್ತದೆ.

ಮರ ಹತ್ತಿ ಸುಳಿ ನೋಡುವ ಕೆಲಸಕ್ಕೆ ತರಬೇತಿ ಪಡೆದವರನ್ನು ಬಿಟ್ಟು ಬೇರೆಯವರನ್ನು ನಾವು ಬಿಡುವುದಿಲ್ಲ. ಎಷ್ಟು ಹುಮ್ಮಸ್ಸಿದ್ದರೂ ಬಿಡುವುದಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ ಹುಡುಗರಿಗೆ ಯಂತ್ರ ಕಟ್ಟಿಕೊಂಡು ಹತ್ತುವುದನ್ನು ಕಲಿಸುವ ತರಬೇತಿ ಶುರು ಮಾಡಿದರು, ಹತ್ತುವವರಿಗೆ ವಿಮೆಯನ್ನೂ ತಂದರು. ಹತ್ತಿದವರು ಹಸಿ ಗರಿಯನ್ನು ಕಾಂಡಕ್ಕೆ ಒತ್ತಿ ಕಡಿಯಬಾರದು. ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬರುತ್ತದೆ.

ಮಳೆ ನಿಂತ ಮೇಲೆ ಬುಡದಲ್ಲಿ ಅಣಬೆ ಎದ್ದ ಮರಗಳಿಗೆ ಸುಣ್ಣದ ಗುರುತು ಹಾಕುತ್ತೇವೆ. ಅಣಬೆ ರೋಗ ಬಂದ ಮರದ ಪಾತಿಯಿಂದ ಪಕ್ಕದ ಪಾತಿಗೆ ನೀರು ಹಾಯಿಸಬಾರದು, ಸುತ್ತ ಟ್ರೆಂಚು ಹೊಡೆದು ಬೇರೆ ಮಾಡಬೇಕು, ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮ ಕೊಡಬೇಕು. ನುಸಿ ಪೀಡೆ 1998ರಲ್ಲಿ ಕೇರಳದ ಎರ್ನಾಕುಲಂ ಕಡೆ ಮೊದಲು ಕಂಡು ನಮ್ಮವರೆಗೂ ಬಂತು. 2016ರಲ್ಲಿ ಪೊಳ್ಳಾಚಿ ಕಡೆ ಕಂಡ ಸುರುಳಿ ಬಿಳಿನೊಣವೂ ಬಂತು. ಬಿಳಿನೊಣ ಕಂಡ ಕೂಡಲೆ ವಿಷ ಹೊಡೆಯಲು ಓಡಬೇಡಿ. ಅದನ್ನು ತಿನ್ನುವ ಪರೋಪಜೀವಿ ತೋಟದಲ್ಲೇ ಇರುತ್ತದೆ, ವಿಷಕ್ಕೆ ಮೊದಲು ಸಾಯುವುದು ಅದೇ. ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ನಮಗೆ ದೂರವಿಲ್ಲ, ಗರಿ ತೆಗೆದುಕೊಂಡು ಹೋಗಿ ತೋರಿಸಿ.

ಆಯುಧಪೂಜೆ ವಿಚಾರ ಒಂದು ಮಾತು. ಎಲ್ಲರೂ ಮೋಟಾರು, ಟ್ರ್ಯಾಕ್ಟರ್‌ಗಳಿಗೆ ಹೂ ಹಾಕುವಾಗ ನಮ್ಮ ಗುಂಪು ಗೋದಾಮಿನ ಮುಂದೆ ಗುದ್ದಲಿ, ಪಿಕಾಸಿ, ಸನಿಕೆ, ಕುಡುಗೋಲು, ಮಂಕರಿಗಳನ್ನು ಸಾಲಾಗಿ ಇಡುತ್ತದೆ. ಹಿಂದಿನ ವಾರವೇ ಕಾವು ಹಾಕಿಸಿ, ಹರಿತ ಮಾಡಿಸಿ, ಎಣ್ಣೆ ಒರೆಸಿರಬೇಕು. ಕಾವು ಅಲ್ಲಾಡುವ ಗುದ್ದಲಿಗೆ ಕುಂಕುಮ ಇಲ್ಲ ಎಂದು ನಮ್ಮ ಹಿರಿಯರೊಬ್ಬರು ನಿಯಮ ಮಾಡಿದ್ದಾರೆ.

ಇಷ್ಟೆಲ್ಲ ಮಾಡಿದರೆ ಮುಂದಿನ ವರ್ಷ ಕಾಯಿ ಎಷ್ಟು ಹೆಚ್ಚುತ್ತೆ ಅಂತ ಹುಡುಗರು ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮುಂದಿನ ವರ್ಷ ಬಹಳ ಏನೂ ಕಾಣುವುದಿಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು. ಆ ಹೊಂಬಾಳೆಯ ಮೊಳಕೆ ಅದಕ್ಕೂ ಎರಡೂವರೆ ವರ್ಷ ಮೊದಲೇ ಸುಳಿಯೊಳಗೆ ಮೂಡಿರುತ್ತದೆ. ಕಾಯಿ ಇಳಿಸಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿಯಾಗಲು ಇನ್ನೂ ಎಂಟು ಹತ್ತು ತಿಂಗಳು. ಈ ಹಸ್ತದ ನೀರಿನ ಪೂರ್ತಿ ಲೆಕ್ಕ ತಿಪಟೂರು ಮಾರುಕಟ್ಟೆಯ ಟೆಂಡರಿಗೆ ಬರಲು ನಾಲ್ಕು ವರ್ಷ ಹಿಡಿಯುತ್ತದೆ. ಬರ ಮುಗಿದು ಮಳೆ ಚೆನ್ನಾಗಿ ಬಂದ ಮೇಲೂ ಎರಡು ಮೂರು ವರ್ಷ ಕಾಯಿ ಕಡಿಮೆಯಾಗುವುದು ಇದಕ್ಕೇ. ಆ ಹೊತ್ತಿಗೆ ಬೆಲೆ ಎಷ್ಟಿರುತ್ತೋ! 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಕೇಳಿದರು. ಬೆಲೆ ಯಾರ ಕೈಯಲ್ಲಿದೆಯೋ ನಾವರಿಯೆವು. ಪಾತಿ ಮಾತ್ರ ನಮ್ಮ ಕೈಯಲ್ಲಿದೆ.

ಈ ವರ್ಷದ ಕಾರ್ಯಕ್ರಮ ಹೇಳಿ ಮುಗಿಸುತ್ತೇವೆ. ಸೆಪ್ಟೆಂಬರ್ 2 ವಿಶ್ವ ತೆಂಗು ದಿನ. 1969ರಲ್ಲಿ ತೆಂಗು ಬೆಳೆಯುವ ಏಷ್ಯಾ ಪೆಸಿಫಿಕ್ ದೇಶಗಳ ಸಮುದಾಯ ಹುಟ್ಟಿದ ದಿನ ಅದು. ಪ್ರತಿ ವರ್ಷ ಅಂದು ನಮ್ಮ ನೋಟ್ ಬುಕ್ಕು ತೆರೆದು ಹೆಸರು ಬರೆಯುವುದು. ಪಿತೃಪಕ್ಷದಲ್ಲಿ ಮನೆ ಮನೆ ಎಡೆಯ ಕೆಲಸವಿರುವುದರಿಂದ ಮಧ್ಯಾಹ್ನದವರೆಗೆ ಮಾತ್ರ ದುಡಿಮೆ. ಹಸ್ತದಲ್ಲಿ ಟ್ರೆಂಚು ಮತ್ತು ಮಟ್ಟೆ. ದಸರಾ ರಜಾದಲ್ಲಿ ತಿಪ್ಪೆ. ದೀಪಾವಳಿ ಕಳೆದ ಮೇಲೆ ಸಣ್ಣ ಸಸಿಗಳಿಗೆ ಸೋಗೆಯ ನೆರಳು ಕಟ್ಟುವುದು, ಪಾತಿಗಳಿಗೆ ಕೊನೆಯ ಹೊದಿಕೆ. ಕಾರ್ತಿಕದ ಕಡೇ ಸೋಮವಾರ ಮುಯ್ಯಿಯ ಲೆಕ್ಕ ಓದಿ, ಬಾಕಿ ಇದ್ದವರ ಹೆಸರು ಗಟ್ಟಿಯಾಗಿ ಕೂಗಿ, ಊಟ ಹಾಕುವುದು.

ಉತ್ತರೆ ಮಳೆ ಬಿದ್ದ ಮಾರನೇ ದಿನ ಬೆಳಗ್ಗೆ ಆರೂವರೆಗೆ ಎಲ್ಲರೂ ಗೋದಾಮಿನ ಮುಂದೆ ಸೇರುವುದು. ಮೊದಲನೇ ಸರದಿ ಆ ತಾಯಿಯ ಇಪ್ಪತ್ತು ಮರದ್ದು ಎಂದು ತೀರ್ಮಾನವಾಗಿದೆ. ಗುದ್ದಲಿ ಇದ್ದವರು ತನ್ನಿ, ಇಲ್ಲದವರು ಹಾಗೇ ಬನ್ನಿ. ಕಾಫಿ ಸಂಘದ್ದು.